ತುಟಿಗೆ ಫಿಲ್ಲರ್: ಮೊದಲು ಕನ್ನಡಿ, ಆಮೇಲೆ ಸೂಜಿ

ತುಟಿ ತೆಳ್ಳಗಾಯಿತು ಅನಿಸಿದ ಕೂಡಲೇ ಫಿಲ್ಲರ್ (ತುಟಿ ತುಂಬಿಕೊಳ್ಳಲಿ ಅಂತ ಸೂಜಿಯಿಂದ ಚುಚ್ಚುವ ಜೆಲ್‌ನಂಥ ವಸ್ತು) ಹಾಕಿಸಲು ಹೊರಡುವವರೇ ಜಾಸ್ತಿ. ತುಟಿಗೆ ನಿಜವಾಗಿ ಏನಾಗಿದೆ ಅಂತ ನೋಡಿಕೊಳ್ಳುವವರು ಕಡಿಮೆ. ಹಾಕಿಸಿಕೊಂಡ ಮೇಲೂ ಅಷ್ಟೆ. ಮಾಮೂಲಿ ಊತಕ್ಕೆ ಕಂಗಾಲಾಗುತ್ತಾರೆ, ಅಪಾಯದ ಗುರುತು ಕಂಡಾಗ ‘ನಾಳೆ ಸರಿಹೋಗುತ್ತೆ’ ಅಂತ ಸುಮ್ಮನಿರುತ್ತಾರೆ. ಇದನ್ನು ಪದೇಪದೇ ನೋಡಿಯೇ ಈ ಲೇಖನ ಬರೆಯುತ್ತಿದ್ದೇನೆ.

ಹೆಜ್ಜೆ 1: ಆಗಿರುವುದೇನು ನೋಡಿ

ಹಗಲು ಬೆಳಕಿನಲ್ಲಿ, ಲಿಪ್‌ಸ್ಟಿಕ್ ಒರೆಸಿ, ಬಾಯಿ ಸಡಿಲ ಬಿಟ್ಟು ಕನ್ನಡಿ ನೋಡಿ. ಆಮೇಲೆ ನಕ್ಕು ನೋಡಿ. ವಯಸ್ಸಾದಂತೆ ತುಟಿಯ ತುಂಬು ಕಡಿಮೆಯಾಗುತ್ತದೆ. ಮೂಗಿನ ಬುಡದಿಂದ ಮೇಲ್ತುಟಿಯವರೆಗಿನ ಜಾಗ ಉದ್ದವಾಗಿ, ತುಟಿಯ ಕೆಂಪು ಭಾಗ ಒಳಕ್ಕೆ ಮಡಚಿಕೊಳ್ಳುತ್ತದೆ. ಬಾಯಿಯ ಸುತ್ತ ಸಣ್ಣ ಗೆರೆಗಳೂ ಏಳುತ್ತವೆ, ಸಿಗರೇಟು ಸೇದುವವರಿಗೆ ಇನ್ನೂ ಬೇಗ. ನಿಮ್ಮದು ಇವುಗಳಲ್ಲಿ ಯಾವುದು? ಒಂದೊಂದಕ್ಕೂ ಚಿಕಿತ್ಸೆ ಬೇರೆ.

ಹೆಜ್ಜೆ 2: ಚಿಕಿತ್ಸೆ ಆರಿಸಿ

ತುಂಬು ಕಡಿಮೆಯಾಗಿದ್ದರೆ ಹೈಯಲುರಾನಿಕ್ ಆ್ಯಸಿಡ್ ಫಿಲ್ಲರ್. ತುಟಿಯಲ್ಲಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಉಳಿಯುತ್ತದೆ. ಇದರ ದೊಡ್ಡ ಗುಣ ಅಂದರೆ, ಬೇಡವಾದರೆ ಹೈಯಲುರಾನಿಡೇಸ್ ಎಂಬ ಔಷಧಿ ಚುಚ್ಚಿ ಕರಗಿಸಬಹುದು. ಮೊದಲ ಸಲ ಹಾಕಿಸುವವರು ಬೇರೆ ಯಾವ ಫಿಲ್ಲರಿಗೂ ಒಪ್ಪಬೇಡಿ.

ನಕ್ಕಾಗ ಮಾತ್ರ ಮೇಲ್ತುಟಿ ಮಾಯವಾಗುತ್ತದೆಯೇ? ಅದಕ್ಕೆ ‘ಲಿಪ್ ಫ್ಲಿಪ್’ ಇದೆ. ತುಟಿಯ ಅಂಚಿನ ಸ್ನಾಯುವಿಗೆ ಸ್ವಲ್ಪವೇ ಬೊಟಾಕ್ಸ್ (ಸ್ನಾಯು ಸಡಿಲಿಸುವ ಚುಚ್ಚುಮದ್ದು) ಹಾಕುತ್ತಾರೆ, ತುಟಿ ತುಸು ಹೊರಕ್ಕೆ ಹೊರಳುತ್ತದೆ. ತುಂಬು ಹೆಚ್ಚುವುದಿಲ್ಲ. ಎರಡು ಮೂರು ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ, ಶುರುವಿನಲ್ಲಿ ಸ್ಟ್ರಾದಲ್ಲಿ ಕುಡಿಯಲು, ಶಿಳ್ಳೆ ಹಾಕಲು ಕಷ್ಟವಾಗಬಹುದು.

ಮೂಗು–ತುಟಿಯ ನಡುವಿನ ಜಾಗ ಉದ್ದವಾಗಿದ್ದರೆ ಎಷ್ಟು ಫಿಲ್ಲರ್ ತುಂಬಿದರೂ ಪ್ರಯೋಜನವಿಲ್ಲ, ತುಟಿ ಮುಂದಕ್ಕೆ ಉಬ್ಬುತ್ತದೆ ಅಷ್ಟೆ. ಅದಕ್ಕಿರುವುದು ‘ಲಿಪ್ ಲಿಫ್ಟ್’ ಶಸ್ತ್ರಚಿಕಿತ್ಸೆ. ಮೂಗಿನ ಕೆಳಗೆ ಸ್ವಲ್ಪ ಚರ್ಮ ತೆಗೆದು ಹೊಲಿಯುತ್ತಾರೆ. ಕಲೆ ಉಳಿಯುತ್ತದೆ, ಮಾಡಿದ್ದನ್ನು ವಾಪಸ್ ಪಡೆಯಲು ಆಗುವುದಿಲ್ಲ. ಸ್ವಂತ ದೇಹದ ಕೊಬ್ಬು ತುಂಬಿಸುವುದೂ ಇದೆ, ಆದರೆ ಅದರಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಕರಗುತ್ತದೆ ಅಂತ ಮೊದಲೇ ಹೇಳಲಾಗದು. ಗೆರೆಗಳು ಮಾತ್ರ ಇದ್ದರೆ ಲೇಸರ್ ಬಗ್ಗೆ ಚರ್ಮವೈದ್ಯರನ್ನು ಕೇಳಿ.

ಸುಲಭದ ದಾರಿ ಹುಡುಕುವವರಿಗೆ ಎರಡು ಮಾತು. ತುಟಿ ಉಬ್ಬಿಸುವ ಲಿಪ್ ಗ್ಲಾಸ್‌ಗಳಲ್ಲಿ ಮೆಣಸಿನಕಾಯಿ ಸತ್ವ, ದಾಲ್ಚಿನ್ನಿ, ಮೆಂಥಾಲ್ ಇರುತ್ತದೆ. ಉರಿಯಿಂದ ತುಟಿ ಊದುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ದಿನಾ ಹಚ್ಚಿದರೆ ಒಡೆಯುತ್ತದೆ. ಸೂಜಿಯಿಲ್ಲದೆ ಒತ್ತಡದಿಂದ ಫಿಲ್ಲರ್ ತಳ್ಳುವ ‘ಹೈಯಲುರಾನ್ ಪೆನ್’ ಅಂತೂ ಮುಟ್ಟಲೇಬೇಡಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ದ್ರವ ಸಿಲಿಕೋನ್ ಚುಚ್ಚುತ್ತೇವೆ, ಜೀವನಪೂರ್ತಿ ಇರುತ್ತೆ ಅನ್ನುವವರ ಬಳಿಯಿಂದ ಎದ್ದು ಬನ್ನಿ. ವರ್ಷಗಳ ನಂತರವೂ ಗಂಟು ಕಟ್ಟಬಹುದು, ಕರಗಿಸಲು ಔಷಧಿಯಿಲ್ಲ.

ಹೆಜ್ಜೆ 3: ವೈದ್ಯರನ್ನು ಕೇಳಿ

ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: ‘ಹೈಯಲುರಾನಿಡೇಸ್ ಇಲ್ಲೇ ಇದೆಯಾ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?’ ತಡವರಿಸಿದರೆ ಬೇರೆ ಕಡೆ ಹೋಗಿ. ಫಿಲ್ಲರ್ ಡಬ್ಬಿಯನ್ನು ನಿಮ್ಮೆದುರೇ ತೆರೆಯಲಿ. ಬ್ಯಾಚ್ ನಂಬರಿನ ಚೀಟಿ ಕೇಳಿ ಇಟ್ಟುಕೊಳ್ಳಿ.

ತುಟಿಯ ಮೇಲೆ ಹರ್ಪಿಸ್ ನೀರುಗುಳ್ಳೆ ಎದ್ದ ಇತಿಹಾಸವಿದ್ದರೆ ಮೊದಲೇ ಹೇಳಿ, ಸೂಜಿ ಅದನ್ನು ಮತ್ತೆ ಕೆರಳಿಸಬಹುದು. ಮುಂಚಿತವಾಗಿ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರು, ಹಾಲೂಡಿಸುವವರು ಮುಂದೂಡಿ. ಆಸ್ಪಿರಿನ್, ಮೀನೆಣ್ಣೆ, ವಿಟಮಿನ್ ಇ ತೆಗೆದುಕೊಳ್ಳುತ್ತಿದ್ದರೆ ಚುಚ್ಚಿದ ಕಡೆ ಚರ್ಮ ಜಾಸ್ತಿ ನೀಲಿಗಟ್ಟುತ್ತದೆ. ಆದರೆ ಹೃದಯಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಹೆಜ್ಜೆ 4: ಹಾಕಿಸಿಕೊಳ್ಳುವ ದಿನ

ಮರಗಟ್ಟಿಸುವ ಕ್ರೀಮ್ ಹಚ್ಚುತ್ತಾರೆ, ಚುಚ್ಚುತ್ತಾರೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮೊದಲ ಸಲಕ್ಕೆ ಅರ್ಧ ಮಿ.ಲೀ. ಸಾಕು.

ಹೆಜ್ಜೆ 5: ಮೊದಲ ಎರಡು ದಿನ

ಜನ ಎಡವುವುದು ಇಲ್ಲೇ. ಊತ ಮಾಮೂಲಿ. ಮೊದಲ ಎರಡು ಮೂರು ದಿನ ಅದು ಜಾಸ್ತಿಯೇ ಇರುತ್ತದೆ, ಎರಡೂ ಬದಿ ಸಮ ಇರುವುದಿಲ್ಲ. ಸೂಜಿ ಚುಚ್ಚಿದ ಕಡೆ ನೀಲಿಗಟ್ಟುವುದೂ ಮಾಮೂಲಿ. ಬಟ್ಟೆ ಸುತ್ತಿದ ಐಸ್ ಇಡಿ, ಒತ್ತಬೇಡಿ, ಹೇಳದೆ ಮಸಾಜ್ ಮಾಡಬೇಡಿ.

ಅಪಾಯ ಬೇರೆ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಅಥವಾ ಹೊರಗಿನಿಂದ ಆ ನಾಳವನ್ನು ಒತ್ತಿದರೆ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಮೊದಲು ಆ ಜಾಗ ಬಿಳಿಚಿಕೊಳ್ಳುತ್ತದೆ. ಆಮೇಲೆ ಬಲೆ ಹರಡಿದಂತೆ ನೇರಳೆ ಗೆರೆಗಳು ಮೂಡುತ್ತವೆ. ಸೂಜಿ ಚುಚ್ಚದ ಕಡೆಯೂ, ಮೂಗಿನ ಪಕ್ಕದಲ್ಲೂ ಕಾಣಿಸಬಹುದು. ಒಂದೆರಡು ದಿನ ಕಳೆದರೆ ಮೊಡವೆಯಂಥ ಕೀವುಗುಳ್ಳೆ ಏಳುತ್ತವೆ, ಅಷ್ಟರಲ್ಲಿ ಚರ್ಮ ಸಾಯತೊಡಗಿರುತ್ತದೆ. ನೋವೂ ಊತಕ್ಕೆ ಮೀರಿದ್ದು. ಆದರೆ ನೋವೊಂದನ್ನೇ ನಂಬಬೇಡಿ. ಹೆಚ್ಚಿನ ಫಿಲ್ಲರ್‌ಗಳಲ್ಲಿ ಮರಗಟ್ಟಿಸುವ ಔಷಧಿ ಲಿಡೋಕೇನ್ ಸೇರಿರುತ್ತದೆ, ಜಾಗ ಮರಗಟ್ಟಿರುವವರೆಗೆ ಗೊತ್ತೇ ಆಗುವುದಿಲ್ಲ.

ಅದಕ್ಕೆ ಕಣ್ಣಿಂದ ಪರೀಕ್ಷಿಸಿ. ಅನುಮಾನದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬಿಳಿಯಾದ ಚರ್ಮ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಪಕ್ಕದ ಆರೋಗ್ಯವಾದ ಜಾಗವನ್ನೂ ಒತ್ತಿ ಹೋಲಿಸಿ. ಮೊದಲ ದಿನ ಮಲಗುವ ಮುನ್ನ ಎರಡು ಮೂರು ಸಲ ಹೀಗೆ ನೋಡಿ. ಬಣ್ಣ ನಿಧಾನವಾಗಿ ಬಂದರೆ ಐಸ್ ತೆಗೆದಿಡಿ, ವೈದ್ಯರಿಗೆ ಫೋನ್ ಮಾಡಿ, ಆಗಲೇ ಹೊರಡಿ. ಫೋಟೊ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಬೇಗ ಹೈಯಲುರಾನಿಡೇಸ್ ಬಿದ್ದಷ್ಟೂ ಚರ್ಮ ಉಳಿಯುವ ಸಾಧ್ಯತೆ ಜಾಸ್ತಿ. ಕಣ್ಣು ಮಂಜಾದರೆ ಅಥವಾ ಕಣ್ಣಲ್ಲಿ ನೋವು ಬಂದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಹೆಜ್ಜೆ 6: ಎರಡು ವಾರ ಕಾಯಿರಿ

ಊತ ಇಳಿದಾಗ ‘ಎಲ್ಲಾ ಹೋಯ್ತು’ ಅನಿಸಿ, ನಾಲ್ಕನೇ ದಿನವೇ ಇನ್ನಷ್ಟು ಹಾಕಿಸುವವರಿದ್ದಾರೆ. ಬೇಡ. ನಿಜವಾದ ಆಕಾರ ಕಾಣುವುದು ಎರಡು ವಾರದ ಮೇಲೆ. ಮದುವೆಯೋ ಸಮಾರಂಭವೋ ಇದ್ದರೆ ಕನಿಷ್ಠ ಒಂದು ತಿಂಗಳು ಮೊದಲೇ ಮುಗಿಸಿಕೊಳ್ಳಿ.

ಮುಂದಿನ ಸಲ ಹೋದಾಗ ಮೇಲ್ತುಟಿಯ ಅಂಚನ್ನು ಬದಿಯಿಂದ ನೋಡಲು ಹೇಳಿ. ಅಂಚಿನ ಮೇಲ್ಗಡೆ ಚರ್ಮ ಉಬ್ಬಿದ್ದರೆ ಹಳೆಯ ಫಿಲ್ಲರ್ ಅಲ್ಲಿಗೆ ಜರುಗಿದೆ ಅಂತ ಅರ್ಥ. ಅದರ ಮೇಲೆ ಹೊಸದು ತುಂಬಿಸಬೇಡಿ. ಮೊದಲು ಹಳೆಯದನ್ನು ಕರಗಿಸಿ, ತುಟಿ ಸರಿಹೋದ ಮೇಲೆ ಹೊಸದರ ಮಾತು.