ಗುಳಿ ರಾಗಿ ನಾಟಿ ಮತ್ತು ಅದನ್ನು ಊರಿಗೆ ದಾಟಿಸಿದ ಬಗೆ: ನನ್ನ ಅನುಭವ

ಗುಳಿ ರಾಗಿ, ಅಂದರೆ ಅಗಲ ಅಂತರದ ಗುಳಿಗಳಲ್ಲಿ ರಾಗಿ ಪೈರು ನೆಡುವುದು, ನನ್ನ ಕಂಡುಹಿಡಿತವಲ್ಲ. ಹಾವೇರಿ ಕಡೆಯ ರೈತರು ಹಿಂದಿನಿಂದ ಮಾಡಿಕೊಂಡು ಬಂದ ಪದ್ಧತಿ ಅದು. ತುಮಕೂರಿನ ಕೆಂಪು ಮಣ್ಣಿನಲ್ಲಿ, ಮಳೆಯನ್ನೇ ನಂಬಿಕೊಂಡು ಅದು ನಡೆಯುವುದಿಲ್ಲ ಎಂದವರೇ ಹೆಚ್ಚು. ಈಗ ನಡೆಯುತ್ತಿದೆ. ನನ್ನ ಹೊಲದಲ್ಲಷ್ಟೇ ಅಲ್ಲ, ಸುತ್ತಿನ ಹೊಲಗಳಲ್ಲೂ. ಅದಕ್ಕೇ ಬರೆಯುತ್ತಿದ್ದೇನೆ. ಎರಡು ಮೂರು ಎಕರೆ ಖುಷ್ಕಿ ಇಟ್ಟುಕೊಂಡು ಬದುಕಿಗೊಂದು ಗುರಿ ಬೇಕು ಎಂದು ಹಂಬಲಿಸುವವರಿಗೆ ನಾನು ಹೇಳುವುದು ಇಷ್ಟೇ: ನೀವು ಉಣ್ಣುವುದನ್ನೇ ಬೆಳೆಯಿರಿ, ಬೆಳೆಯುವುದನ್ನು ಲೆಕ್ಕದ ಸಮೇತ ತೋರಿಸಿ. ಭಾಷಣಕ್ಕೆ ಬದಲಾಗದ ಹೊಲಗಳು ಇದಕ್ಕೆ ಬದಲಾಗುತ್ತವೆ.

ಒಟ್ಲು, ಅಂದರೆ ಸಸಿಮಡಿ, ಎಲ್ಲರಿಗೂ ಗೊತ್ತಿರುವುದೇ. ವ್ಯತ್ಯಾಸ ಬೀಜದ ಅಳತೆಯಲ್ಲಿ. ಎಕರೆಗೆ ಅರ್ಧ ಕೆಜಿ ದಾಟಬಾರದು. ಅದನ್ನು ಒಂದು ಗುಂಟೆ ಒಟ್ಲಿನಲ್ಲಿ ಮೂರು ಇಂಚಿನ ಸಾಲಿಗೆ ತೆಳ್ಳಗೆ ಬಿಡಬೇಕು. ಒತ್ತಾಗಿ ಬಿದ್ದರೆ ಪೈರು ಉದ್ದಕ್ಕೆ ಸೊರಗುತ್ತದೆ, ಅಂಥ ಪೈರು ಮುಂದೆ ಅದರ ಮೇಲೆ ಎಳೆಯುವ ಮರದ ಕೊರಡಿಗೆ ಮುರಿಯುತ್ತದೆ. ಆರಿದ್ರಾ ಮಳೆಗೆ ಒಟ್ಲು, ಪುಷ್ಯದ ಹದಕ್ಕೆ ನಾಟಿ. ಪೈರಿಗೆ ಇಪ್ಪತ್ತು ದಿನದ ಮೇಲೆ ಒಂದೆರಡು ದಿನ ಆಗಿರಬೇಕು. ತಿಂಗಳು ತುಂಬಿದ ಪೈರಿನಲ್ಲಿ ತೆಂಡೆ (ಬುಡದ ಮರಿಕವಲು) ಒಡೆಯುವ ಕಸುವು ಅರ್ಧ ಹೋಗಿರುತ್ತದೆ. ಮಳೆ ತಡವಾದರೆ ಎಂದು ನಾನು ವಾರದ ಅಂತರದಲ್ಲಿ ಎರಡು ಒಟ್ಲು ಹಾಕುತ್ತೇನೆ. ಎರಡನೆಯದರ ಬೀಜದ ಖರ್ಚು ಹೆಚ್ಚೇನೂ ಆಗುವುದಿಲ್ಲ.

ಹೊಲಕ್ಕೆ ಒಂದೂವರೆ ಅಡಿ ಅಂತರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೀರು ಸಾಲು ಎಳೆದು, ಸಾಲು ಕೂಡುವಲ್ಲಿ ಗುಳಿ. ಎಕರೆಗೆ ಹತ್ತೊಂಬತ್ತು ಸಾವಿರದ ಮೇಲೆ ಗುಳಿ ಬರುತ್ತವೆ, ಗುಳಿಗೆ ಎರಡು ಪೈರು. ಒಂದೊಂದಕ್ಕೆ ಒಂದು ಹಿಡಿ ಗೊಬ್ಬರ ಎಂದರೂ ಎಕರೆಗೆ ಎರಡು ಟನ್ ಹತ್ತಿರ, ಅಂದರೆ ಒಂದು ಟ್ರಾಕ್ಟರ್ ಲೋಡು. ತಿಪ್ಪೆ ಪೂರ್ತಿ ಕಳಿತಿರಬೇಕು. ಹಸಿ ಗೊಬ್ಬರ ಗುಳಿಗೆ ಹೋದರೆ ಗೊಣ್ಣೆಹುಳು ನೇರವಾಗಿ ಬೇರಿನ ಬುಡದಲ್ಲೇ ಕೂರುತ್ತದೆ, ಅಲ್ಲಲ್ಲಿ ಬೋಳು ಬೀಳುತ್ತದೆ. ನಾಟಿಗೆ ಮುಂಚೆ ಬೇರನ್ನು ನಾನೊಂದು ನೀರಿನಲ್ಲಿ ಅದ್ದುತ್ತೇನೆ. ಅದರಲ್ಲಿ ಏನೇನಿದೆ ಎಂಬುದನ್ನು ಹೊಲಕ್ಕೆ ಬಂದು ಒಂದು ದಿನ ನಾಟಿ ಮಾಡಿದವರಿಗೆ ಮಾತ್ರ ಹೇಳುವುದು.

ಇಷ್ಟರವರೆಗೆ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಹುಟ್ಟುವುದು ಕೊರಡಿನ ದಿನ. ನೆಟ್ಟು ಹದಿನೈದು ದಿನದ ಮೇಲೆ ಎತ್ತು ಕಟ್ಟಿ ಮರದ ಕೊರಡನ್ನು ಪೈರಿನ ಮೇಲೇ ಎಳೆಯುತ್ತೇವೆ. ಪೈರೆಲ್ಲ ನೆಲಕ್ಕೆ ಮಲಗುತ್ತದೆ. ನೋಡಿದವರಿಗೆ ಹೊಟ್ಟೆ ಉರಿಯುತ್ತದೆ, ಬದುವಿನ ಮೇಲೆ ನಿಂತು ಬೈದವರೂ ಇದ್ದಾರೆ. ಎರಡು ಮೂರು ದಿನದಲ್ಲಿ ಎದ್ದು ನಿಂತ ಪೈರು ಬುಡದಿಂದ ತೆಂಡೆ ಒಡೆಯುತ್ತದೆ. ವಾರಕ್ಕೊಮ್ಮೆಯಂತೆ, ಪ್ರತಿ ಸಲ ದಿಕ್ಕು ಬದಲಿಸಿ, ನಾಲ್ಕೈದು ಸಲ. ನಡುನಡುವೆ ಎರಡೂ ದಿಕ್ಕಿನಲ್ಲಿ ಎಡೆಕುಂಟೆ. ಕಳೆ ತೆಗೆಯುವ ಆಳಿನ ಖರ್ಚು ಅಲ್ಲೇ ಬಹುಪಾಲು ಮುಗಿಯುತ್ತದೆ.

ಕೊರಡು ಕೈಕೊಡುವುದು ಮೂರು ಕಡೆ. ನೆಲ ಹಸಿಯಿದ್ದರೆ ಮಣ್ಣು ಕೊರಡಿಗೆ ಮೆತ್ತಿಕೊಂಡು ಪೈರನ್ನು ಬೇರುಸಮೇತ ಕೀಳುತ್ತದೆ. ಬೆಳಗಿನ ಹೊತ್ತು ಎಳೆದರೆ ನೀರು ತುಂಬಿದ ಗರಿ, ಕಾಂಡ ಪಟಪಟನೆ ಮುರಿಯುತ್ತವೆ. ಬಿಸಿಲಿಗೆ ಗರಿ ಸಡಿಲವಾದ ಮೇಲೆ, ಮಧ್ಯಾಹ್ನ ಎಳೆಯಿರಿ. ಇನ್ನೊಂದು, ಗಿಣ್ಣು ಮೂಡಿದ ಮೇಲೆ ಎಳೆಯುವುದು. ನಲವತ್ತು ದಿನ ದಾಟಿದರೆ ದಿನ ಎಣಿಸುವುದನ್ನು ಬಿಟ್ಟು, ಬುಡವನ್ನು ಬೆರಳಲ್ಲಿ ಒತ್ತಿ ನೋಡಿ. ಗಂಟು ಸಿಕ್ಕಿತೆಂದರೆ ಕೊರಡು ಕೊಟ್ಟಿಗೆಗೆ. ಕೆಂಪು ಮಣ್ಣಿಗೆ ಹಾವೇರಿ ಕೊರಡು ಭಾರವಾಯಿತು, ನಾನು ಹಗುರ ಮಾಡಿಸಿಕೊಂಡಿದ್ದೇನೆ. ತೂಕವನ್ನು ಮಣ್ಣು ನೋಡಿಯೇ ಗೊತ್ತುಮಾಡಬೇಕು, ಕಾಗದದ ಮೇಲೆ ಹೇಳಿದರೆ ದಾರಿ ತಪ್ಪಿಸಿದಂತೆ.

ಹಣದ ಮಾತು. ಮೊದಲ ವರ್ಷ ನಾಟಿಗೆ ಆಳು ವಿಪರೀತ ಹಿಡಿದವು. ಕೂರಿಗೆಯಲ್ಲಿ ಸಾಲಿಗೆ ಬಿತ್ತಿದ ರಾಗಿಗಿಂತ ಎಕರೆಗೆ ಆರೇಳು ಸಾವಿರ ಹೆಚ್ಚೇ ಹೋಯಿತು. ಆಮೇಲೆ ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯುವುದು, ಕಟ್ಟಿಕೊಂಡದ್ದರಿಂದ ಅದು ಅರ್ಧಕ್ಕಿಳಿಯಿತು. ಇಳುವರಿ ಒಳ್ಳೆಯ ವರ್ಷದಲ್ಲಿ ಎಕರೆಗೆ ಹದಿನಾರು ಕ್ವಿಂಟಾಲ್ ಆಸುಪಾಸು, ಮಳೆ ಕೈಬಿಟ್ಟ ವರ್ಷ ಹತ್ತು. ಪಕ್ಕದ ಕೂರಿಗೆ ಸಾಲಿನಲ್ಲಿ ಏಳೆಂಟು. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಲೆಕ್ಕ ನೀವೇ ಹಾಕಿಕೊಳ್ಳಿ. ಹುಲ್ಲಿನ ಲಾಭ ಬೇರೆ. ಒಂದು ತೊಂದರೆಯನ್ನು ಮಾತ್ರ ಮುಚ್ಚಿಡುವುದಿಲ್ಲ: ತಡವಾಗಿ ಒಡೆದ ತೆಂಡೆಯ ತೆನೆ ತಡವಾಗಿಯೇ ಮಾಗುತ್ತದೆ, ಕೊಯ್ಲು ಎರಡು ಸಲ.

ತಳಿ ಜಿಪಿಯು 28 ಸಾಕು, ಬೆಂಕಿರೋಗಕ್ಕೆ ತಡೆದುಕೊಳ್ಳುತ್ತದೆ. ಆದರೆ ತೆಂಡೆಯಲ್ಲಿ ಉಂಡೆ ರಾಗಿ ಎಂಬ ಹಳೆಯ ನಾಡತಳಿ ಅದನ್ನು ಮೀರಿಸಿತು, ಮುದ್ದೆಯ ರುಚಿಯಲ್ಲಂತೂ ಕೇಳಬೇಡಿ. ಎರಡಡಿ ಅಂತರವನ್ನೂ ಒಂದು ತುಂಡಿನಲ್ಲಿ ನೋಡಿದೆ. ಬುಡ ದಪ್ಪವಾಯಿತೇ ಹೊರತು ಒಟ್ಟು ತೂಕ ಏರಲಿಲ್ಲ. ಅಕ್ಕಡಿ ಸಾಲಿನ, ಅಂದರೆ ರಾಗಿಯ ನಡುವೆ ಅವರೆ, ತೊಗರಿಯ ಸಾಲು ಬಿಡುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಕೊರಡು ಓಡುವಾಗ ನಡುವೆ ಅವರೆ ಉಳಿಯುವುದಿಲ್ಲ. ಹಾಗಾಗಿ ತೊಗರಿಯನ್ನು ಬದುವಿಗೆ ಸರಿಸಿ, ಅವರೆಯನ್ನು ಕೊನೆಯ ಕೊರಡಿನ ಮರುದಿನ ಊರುತ್ತೇನೆ. ನಾಟಿ ಅವರೆ ಹಗಲು ಕಿರಿದಾದಾಗಲೇ ಹೂ ಬಿಡುವ ಬೆಳೆ, ತಡವಾಗಿ ಊರಿದರೂ ಸೊಗಡಿಗೆ ಮೋಸವಿಲ್ಲ.

ಇನ್ನು ದಾಟಿಸುವ ಕೆಲಸ, ನನಗೆ ಬೆಳೆಗಿಂತಲೂ ಇದು ದೊಡ್ಡದು. ರಸ್ತೆ ಬದಿಯ ತಾಕನ್ನೇ ಇದಕ್ಕೆ ಬಿಟ್ಟಿದ್ದೇನೆ. ಅದರ ಮಗ್ಗುಲಲ್ಲೇ ಐದು ಗುಂಟೆ ಕೂರಿಗೆ ರಾಗಿ, ಅದೇ ಬೀಜ, ಅದೇ ಗೊಬ್ಬರ. ಈ ಐದು ಗುಂಟೆ ಇಲ್ಲದೆ ಯಾರೂ ನಂಬುವುದಿಲ್ಲ. ಜನರನ್ನು ಕರೆಯುವುದು ಮೂರೇ ಸಲ: ಕೊರಡಿನ ದಿನ, ತಿಂಗಳ ನಂತರ, ತೂಕದ ದಿನ. ಕೊಯ್ಲಿಗೆ ಮಾತ್ರ ಕರೆದರೆ ತೆನೆ ನೋಡಿ ಹೊಗಳಿ ಹೋಗುತ್ತಾರೆ, ಮಾಡುವುದಿಲ್ಲ. ಪೈರು ಮಲಗಿದ್ದನ್ನು ಕಂಡು ಬೈದವರೇ ತಿಂಗಳ ಮೇಲೆ ಬಂದು ತೆಂಡೆ ಎಣಿಸಬೇಕು, ಅವರ ಕೈಯಲ್ಲೇ. ಗುಳಿಯಲ್ಲಿ ಮೂವತ್ತು ನಲವತ್ತು, ಪಕ್ಕದಲ್ಲಿ ಮೂರು ನಾಲ್ಕು. ಖರ್ಚಿನ ಪುಸ್ತಕ ಕಣದಲ್ಲಿ ತೆರೆದೇ ಇರುತ್ತದೆ, ನಷ್ಟದ ಪುಟವೂ ಸೇರಿ. ಶಾಮಿಯಾನ, ಊಟ, ಮೈಕು ಹಾಕಿದ ಕ್ಷೇತ್ರೋತ್ಸವದಿಂದ ಒಬ್ಬರೂ ಗುಳಿ ತೆಗೆಯಲಿಲ್ಲ. ಆ ದುಡ್ಡಿನಲ್ಲಿ ನಾಲ್ಕೈದು ಗುಂಟೆ ಒಟ್ಲು ಏಳುತ್ತಿತ್ತು.

ಆದ್ದರಿಂದ ಈಗ ಸಲಹೆಯ ಬದಲು ಪೈರು ಕೊಡುತ್ತೇನೆ. ಎರಡು ಗುಂಟೆಗೆ ಸಾವಿರದಷ್ಟು ಗುಳಿ, ಎರಡು ಸಾವಿರ ಪೈರು, ಒಂದು ಚೀಲ. ಕರಾರು ಎರಡು. ಕಿತ್ತ ದಿನವೇ ನೆಡಬೇಕು, ಕೊರಡಿನ ದಿನ ನನ್ನನ್ನು ಕರೆಯಬೇಕು. ಎರಡು ಗುಂಟೆಗಿಂತ ಹೆಚ್ಚು ಮೊದಲ ವರ್ಷ ಯಾರಿಗೂ ಇಲ್ಲ, ಎಷ್ಟೇ ಒತ್ತಾಯಿಸಿದರೂ ಇಲ್ಲ. ಎರಡು ಗುಂಟೆ ಕೆಟ್ಟರೆ ಮನೆ ಮುಳುಗುವುದಿಲ್ಲ, ಗೆದ್ದರೆ ಮುಂದಿನ ವರ್ಷ ಅರ್ಧ ಎಕರೆಗೆ ಅವರೇ ಒಟ್ಲು ಹಾಕುತ್ತಾರೆ. ತೆಗೆದುಕೊಂಡವರಲ್ಲಿ ಮೂರರಲ್ಲೊಬ್ಬರು ಎರಡನೇ ವರ್ಷಕ್ಕೆ ಉಳಿದರು ಎಂದು ನನ್ನ ಅಂದಾಜು. ಹೆಂಗಸರ ಸಂಘದ ಕೈಗೆ ಕೊಟ್ಟ ಕಡೆ ಅದಕ್ಕಿಂತ ಹೆಚ್ಚು ಉಳಿಯಿತು, ಏಕೆಂದರೆ ನಾಟಿಯ ಕೈ ಅವರದೇ.

ಈ ಸಲ ಊರಿಗೆಂದೇ ಎರಡು ಗುಂಟೆ ಒಟ್ಲು ಹಾಕುತ್ತಿದ್ದೇನೆ. ಪೈರು ಬೇಕಾದವರು ಮೊದಲು ಗೀರು ಸಾಲು ಎಳೆದಿಟ್ಟು, ಕಳಿತ ಗೊಬ್ಬರವನ್ನು ಬದುವಿನ ಮೇಲೆ ತಂದಿಟ್ಟುಕೊಂಡು ಆಮೇಲೆ ಬನ್ನಿ.