ಟ್ರಾನ್ಸ್‌ಫರ್ ಆಗಿ ಹೋದ ಊರಿನಲ್ಲಿ ಒಬ್ಬ ಸ್ನೇಹಿತೆಯನ್ನು ಸಂಪಾದಿಸುವುದು ಹೇಗೆ

“ನಿಮ್ಮ ಬಾಗಿಲಾ ಯಾವಾಗಲೂ ಹಾಕೇ ಇರ್ತಿತ್ತರೀ. ದೊಡ್ಡ ಮಂದಿ, ನಮ್ಮ ಕೂಡ ಎಲ್ಲಿ ಮಾತಾಡ್ತಾರ ಅನಕೊಂಡಿದ್ದೆ.”

ವಿಜಯಪುರದಲ್ಲಿ ಪಕ್ಕದ ಮನೆಯ ಅಕ್ಕ ಇದನ್ನು ಹೇಳಿದ್ದು ನಮ್ಮ ಸ್ನೇಹ ಗಟ್ಟಿಯಾದ ಮೇಲೆ. ಕೇಳಿ ಸಂಕಟವಾಯಿತು. ನಾನು ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಬಿಸಿಲಿಗೆ, ಧೂಳಿಗೆ. ನಾನು ಮಲೆನಾಡಿನ ಸಾಗರದ ಕಡೆ ಹುಟ್ಟಿ ಬೆಳೆದವಳು. 2016ರ ಮೇ ತಿಂಗಳಲ್ಲಿ ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮುಖಕ್ಕೆ ಹೊಡೆದ ಬಿಸಿಗಾಳಿ ಇನ್ನೂ ನೆನಪಿದೆ. ಬ್ಯಾಂಕಿನಿಂದ ಬಂದವಳೇ ಬಾಗಿಲು ಹಾಕಿ ಫ್ಯಾನಿನ ಕೆಳಗೆ ಕೂರುತ್ತಿದ್ದೆ. ಎರಡು ತಿಂಗಳು, ಭಾನುವಾರ ಬಂತೆಂದರೆ ಹಾಲಿನವನನ್ನು ಬಿಟ್ಟು ಇನ್ನೊಬ್ಬರ ಜೊತೆ ಮಾತಿಲ್ಲ. ಯಜಮಾನರು, ಅತ್ತೆ ಸಾಗರದಲ್ಲಿ, ಮಗ ಹಾಸ್ಟೆಲಿನಲ್ಲಿ.

ಬ್ಯಾಂಕ್ ನೌಕರಿಯಲ್ಲಿ 31 ವರ್ಷ, ಏಳು ಊರು ಕಂಡಿದ್ದೇನೆ. ಹಾಸನದಲ್ಲಿದ್ದಾಗ ದೂರಶಿಕ್ಷಣದಲ್ಲಿ ಸಂವಹನದ ಎಂ.ಎ. ಕಟ್ಟಿ, ಬಸ್ಸಿನಲ್ಲಿ ಓದಿ ಪಾಸು ಮಾಡಿದೆ. ಆ ಪಾಠಗಳಲ್ಲಿ ಪರೀಕ್ಷೆ ಮುಗಿದ ಮೇಲೂ ಕೈಹಿಡಿದವು ಕೆಲವು. ನಮ್ಮ ಬ್ರಾಂಚಿಗೆ ಹೊಸದಾಗಿ ಬರುವ ಪಿ.ಒ. (ಪ್ರೊಬೇಷನರಿ ಆಫೀಸರ್) ಹುಡುಗ ಹುಡುಗಿಯರು ಸಂಜೆ ಹೊತ್ತು ಮುಖ ಸಣ್ಣದು ಮಾಡಿಕೊಂಡು ಫೋನು ಉಜ್ಜುತ್ತ ಕೂತಿರುವುದನ್ನು ನೋಡಿದಾಗಲೆಲ್ಲ ಇದನ್ನು ಹೇಳಬೇಕೆನಿಸುತ್ತದೆ. ಹೆಣ್ಣುಮಕ್ಕಳ ಸ್ನೇಹ ನನಗೆ ಗೊತ್ತಿರುವುದರಿಂದ ಅದನ್ನೇ ಹಿಡಿದು ಹೇಳುತ್ತೇನೆ. ಗಂಡಸರಿಗೂ ಬಹುಪಾಲು ಒಪ್ಪುತ್ತದೆ.

ಮೊದಲು ಬಾಗಿಲಿನ ವಿಷಯ. ಪಾಲ್ ವಾಟ್ಸ್‌ಲಾವಿಕ್, ಜಾನೆಟ್ ಬೀವಿನ್, ಡಾನ್ ಜಾಕ್ಸನ್ ಎಂಬ ಮೂವರು ಸಂವಹನ ತಜ್ಞರು 1967ರಲ್ಲಿ ಒಂದು ಸೂತ್ರ ಹಾಕಿಕೊಟ್ಟರು: ಏನನ್ನೂ ಹೇಳದೆ ಇರುವುದು ಮನುಷ್ಯನಿಗೆ ಸಾಧ್ಯವೇ ಇಲ್ಲ. ಸುಮ್ಮನಿದ್ದರೂ ಎದುರಿನವರಿಗೆ ಏನೋ ಒಂದು ಅರ್ಥ ಹೋಗಿ ಮುಟ್ಟುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಪುಟಗಟ್ಟಲೆ ಬರೆದಿದ್ದೆ, ನನ್ನ ಬಾಗಿಲಿಗೆ ಮಾತ್ರ ಅದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ. ಹಾಗಾಗಿ ಹೊಸ ಊರಿನ ಮೊದಲ ತಿಂಗಳು, ಸಂಜೆ ಒಂದು ಅರ್ಧ ತಾಸಾದರೂ ಬಾಗಿಲು ತೆಗೆದಿಡಿ. ಸೊಪ್ಪು ಸೋಸುವುದಿದ್ದರೆ ಹೊಸ್ತಿಲಲ್ಲಿ ಕೂತು ಸೋಸಿ. ಮಾತು ತಾನಾಗಿ ಬರುತ್ತದೆ.

ಅದಕ್ಕೂ ಮುಂಚೆ, ಮನೆ ನೋಡುವಾಗಲೇ ಅರ್ಧ ಕೆಲಸ ಮುಗಿಸಬಹುದು. ಎರಡನೆಯ ಮಹಾಯುದ್ಧ ಮುಗಿಸಿ ಓದಲು ಬಂದ ಸೈನಿಕರ ಸಂಸಾರಗಳಿಗೆ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯ ವಸತಿಗೃಹಗಳನ್ನು ಕೊಟ್ಟಿತ್ತು. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಇಬ್ಬರು ಜೊತೆಗಾರರು ಅಲ್ಲಿ ಮನೆಮನೆಗೆ ಹೋಗಿ ನಿಮಗೆ ಸ್ನೇಹಿತರು ಯಾರು ಎಂದು ಕೇಳಿದರು. 1950ರಲ್ಲಿ ಲೆಕ್ಕ ಹೊರಬಂತು. ಒಂದೇ ಮಹಡಿಯಲ್ಲಿ, ಪಕ್ಕದ ಮನೆಯವರನ್ನು ಸ್ನೇಹಿತರೆಂದು ಹೆಸರಿಸಿದ್ದು ನೂರಕ್ಕೆ 41. ಒಂದು ಮನೆ ದಾಟಿದರೆ 22. ಮಹಡಿಯ ಆ ತುದಿಗೆ ಬರೀ 10. ಮೆಟ್ಟಿಲ ಹತ್ತಿರದವರಿಗೆ, ಅಂಚೆ ಡಬ್ಬಿಗಳ ಹತ್ತಿರದವರಿಗೆ ಬೇರೆ ಮಹಡಿಯವರ ಬಳಕೆಯೂ ಹೆಚ್ಚು. ಗುಣ, ಅಭಿರುಚಿ ಎಲ್ಲ ಆಮೇಲಿನ ಮಾತು. ಮೊದಲು ದಿನಾ ಎದುರಾಗಬೇಕು. ಅದಕ್ಕೇ ಹೊಸ ಲೇಔಟಿನ ಒಂಟಿ ಮನೆ ಎಷ್ಟೇ ಚೆಂದ ಇದ್ದರೂ ನಾನು ಬೇಡ ಅನ್ನುತ್ತೇನೆ. ವಿಜಯಪುರದಲ್ಲಿ ನನ್ನ ಅದೃಷ್ಟ, ನಾಲ್ಕು ಮನೆಗಳಿಗೆ ಒಂದೇ ನಳ, ಅದು ಇದ್ದದ್ದು ನನ್ನ ಬಾಗಿಲ ಪಕ್ಕ. ನೀರು ಬರುವ ದಿನ ಕೊಡ ಹಿಡಿದು ನಿಲ್ಲಲೇಬೇಕು. ಅಕ್ಕನ ಜೊತೆ ಮೊದಲ ಮಾತು ಹುಟ್ಟಿದ್ದು ಅಲ್ಲಿ.

ಏನು ಮಾತು? “ಚಾ ಆತ್ರೀ?” ಅಷ್ಟೇ. ಎರಡು ವಾರ ಇದೊಂದೇ. ನೌಕರಿಗೆ ಹೊಸದಾಗಿ ಸೇರಿದವರು ಇಂಥ ಮಾತನ್ನು ಹಗುರವಾಗಿ ತಗೊಳ್ಳುತ್ತಾರೆ, ‘ಅದೇನು ದಿನಾ ಊಟ ಆಯ್ತಾ ಅಂತ ಕೇಳೋದು’ ಅಂತ. ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಇದಕ್ಕೊಂದು ಹೆಸರು ಕೊಟ್ಟಿದ್ದರು. ಸುದ್ದಿ ಮುಟ್ಟಿಸಲು ಆಡುವ ಮಾತಲ್ಲ ಇದು, ಇಬ್ಬರ ನಡುವೆ ಎಳೆ ಕಟ್ಟಲು ಆಡುವ ಮಾತು ಅಂತ ಅವರ ವಿವರಣೆ. ‘ಊಟ ಆಯ್ತಾ’ಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಕಂಡಿಲ್ಲ. ಕೇಳಿದವರಿಗೆ ನಿಮ್ಮ ಸಾರಿನ ವಿವರ ಬೇಕಿಲ್ಲ, ‘ಆಯ್ತು, ನಿಮ್ಮದು?’ ಅಂತ ತಿರುಗಿ ಕೇಳುವುದನ್ನು ಮಾತ್ರ ಮರೆಯಬೇಡಿ. ಆ ‘ನಿಮ್ಮದು?’ ಇಲ್ಲದಿದ್ದರೆ ಎಳೆ ಒಂದೇ ತುದಿಗೆ ನೇತಾಡುತ್ತದೆ.

ಆಮೇಲೆ ವಿಚಾರಣೆ ಶುರುವಾಗುತ್ತದೆ. ಗುರುತಿಲ್ಲದವರು ಎದುರಾದಾಗ ಮನಸ್ಸಿಗೆ ಮೊದಲು ಬೇಕಾದದ್ದು ಒಂದು ಅಂದಾಜು, ಇವರು ಎಂಥವರು, ಹೇಗೆ ನಡೆದುಕೊಂಡಾರು ಎಂದು. ಚಾರ್ಲ್ಸ್ ಬರ್ಗರ್, ರಿಚರ್ಡ್ ಕ್ಯಾಲಬ್ರೀಸ್ 1975ರಲ್ಲಿ ಮುಂದಿಟ್ಟ ಸಿದ್ಧಾಂತದ ತಿರುಳು ಇದು. ಅಂದಾಜು ಸಿಗುವ ದಾರಿ ಮೂರು: ದೂರದಿಂದ ಗಮನಿಸುವುದು, ಮೂರನೆಯವರನ್ನು ಕೇಳುವುದು, ನೇರವಾಗಿ ಮಾತಾಡಿಸುವುದು. ಸಣ್ಣ ಊರಿನಲ್ಲಿ ಎರಡನೆಯ ದಾರಿ ಹಿಡಿಯಬೇಡಿ. ನೀವು ಕಿರಾಣಿ ಅಂಗಡಿಯಲ್ಲಿ ಕೇಳಿದ್ದು ಸಂಜೆಯೊಳಗೆ ಅವರ ಕಿವಿಗೆ ಬಿದ್ದಿರುತ್ತದೆ.

ನಮ್ಮಲ್ಲಿ ಈ ಅಂದಾಜಿಗೆ ಜನ ಹಿಡಿಯುವ ಅಡ್ಡದಾರಿ ಒಂದಿದೆ, ‘ನಿಮ್ಮ ಪೈಕಿ ಯಾವುದು?’ ಜಾತಿ ತಿಳಿದರೆ ಮನುಷ್ಯ ತಿಳಿದಂತೆ ಎಂಬ ನಂಬಿಕೆ. ಏಳೂ ಊರುಗಳಲ್ಲಿ ನನಗೆ ಈ ಪ್ರಶ್ನೆ ಬಂದಿದೆ. ಅದರಿಂದ ಸಿಗುವುದು ಸುಳ್ಳು ಅಂದಾಜು, ಅದನ್ನು ಕಟ್ಟಿಕೊಂಡವರು ಮುಂದೆ ಏನನ್ನೂ ಕೇಳುವುದೇ ಇಲ್ಲ ಎಂಬುದು ನನ್ನ ಅನುಭವ. ನಾನು ಜಗಳ ಆಡುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ. “ನಾವು ಸಾಗರದ ಕಡೆಯವರು, ಮಳೆಗಾಲದಲ್ಲಿ ಮೂರು ತಿಂಗಳು ಬಟ್ಟೆ ಒಣಗಲ್ಲ ನೋಡಿ” ಅಂತ ನನ್ನ ಊರನ್ನು ಕೊಡುತ್ತೇನೆ. ನೀವೂ ನಿಮ್ಮ ಊರಿನ ಒಂದು ವಿವರ ಸಿದ್ಧ ಇಟ್ಟುಕೊಂಡಿರಿ. ಬಟ್ಟೆ ಒಣಗದ ಸುದ್ದಿ ಕೇಳಿ ಅಕ್ಕ ಬಾಯಿಮೇಲೆ ಕೈ ಇಟ್ಟುಕೊಂಡರು. ಮುಂದಿನ ಪ್ರಶ್ನೆಗಳೆಲ್ಲ ಮಳೆಯ ಮೇಲೆ.

ಈಗ ನಾನು ಹಾಸನದಲ್ಲಿ ಮಾಡಿದ ತಪ್ಪನ್ನು ಹೇಳಬೇಕು. ಹೋಗಿ ಹತ್ತನೆಯ ದಿನಕ್ಕೆ, ಮೇಲಿನ ಮನೆಯವರು ಅರಿಶಿನ ಕುಂಕುಮಕ್ಕೆ ಕರೆದರು. ಪ್ರೀತಿಯಿಂದ ಮಾತಾಡಿಸಿದರು. ನಾನು ಹಿಡಿತ ಬಿಟ್ಟು, ಯಜಮಾನರ ಅಂಗಡಿ ಮುಳುಗಿದ್ದು, ಒಡವೆ ಅಡವಿಟ್ಟದ್ದು, ಅತ್ತೆ ಆಡಿದ ಮಾತು ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಿ ಕಳಿಸಿದರು. ಮರುದಿನದಿಂದ ನನ್ನನ್ನು ಕಂಡರೆ ಒಂದು ನಗು, ಅಷ್ಟೇ, ಮಾತಿಗೆ ನಿಲ್ಲಲಿಲ್ಲ. ವರ್ಷಗಟ್ಟಲೆ ಅವರನ್ನು ಮನಸ್ಸಿನಲ್ಲೇ ದೂರಿದ್ದೆ. ಇರ್ವಿನ್ ಆಲ್ಟ್‌ಮನ್, ಡಾಲ್ಮಸ್ ಟೇಲರ್ 1973ರಲ್ಲಿ ಬರೆದದ್ದನ್ನು ಓದಿದಾಗ ತಪ್ಪು ನನ್ನದು ಎಂದು ಅರಿವಾಯಿತು. ಅವರ ಪ್ರಕಾರ ಮನುಷ್ಯ ಈರುಳ್ಳಿಯ ಹಾಗೆ ಪದರ ಪದರ. ಹೊರಗಿನ ಪದರದಲ್ಲಿ ಊರು, ಕೆಲಸ, ಇಷ್ಟದ ತಿಂಡಿ. ನಡುವೆ ಅಭಿಪ್ರಾಯ, ನಂಬಿಕೆ. ಗಡ್ಡೆಯ ತಿರುಳಿನಲ್ಲಿ ಭಯ, ಅವಮಾನ. ಸ್ನೇಹ ಬೆಳೆಯುವುದೆಂದರೆ ಇಬ್ಬರೂ ಪದರಗಳನ್ನು ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಬಿಡಿಸುತ್ತ ಹೋಗುವುದು. ನಾನು ಒಂದೇ ಏಟಿಗೆ ತಿರುಳನ್ನು ಅವರ ಕೈಗಿಟ್ಟಿದ್ದೆ. ಹಾಗಾದಾಗ ಅವರಿಗೆ ಎರಡೇ ದಾರಿ: ತಮ್ಮ ಮನೆಯ ನೋವನ್ನೂ ಅಷ್ಟೇ ಬಿಚ್ಚಿಡುವುದು, ಇಲ್ಲ ದೂರ ಸರಿಯುವುದು. ಅವರು ಸರಿದರು.

ಹಾಗಾದರೆ ಎಷ್ಟು ಹೇಳಬೇಕು, ಯಾವಾಗ? ಇದಕ್ಕೆ ನನಗೆ ಸಿಕ್ಕ ಅಳತೆ ಸ್ಟೀಲ್ ಡಬ್ಬಿ. ಶ್ರಾವಣದಲ್ಲಿ ಅಕ್ಕ ಶೇಂಗಾ ಹೋಳಿಗೆ ತುಂಬಿದ ಡಬ್ಬಿ ಕೊಟ್ಟರು. ಡಬ್ಬಿ ಖಾಲಿ ವಾಪಸ್ ಕೊಡಬಾರದು ಎಂಬುದು ನಮ್ಮ ಅಮ್ಮಂದಿರು ಕಲಿಸಿದ ಪಾಠ. ಊರಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟೆ, ಆದರೆ ಆರು ದಿನ ಬಿಟ್ಟು. ಈ ಆರು ದಿನ ಮುಖ್ಯ. ಅವತ್ತೇ ತುಂಬಿಸಿ ಕೊಟ್ಟಿದ್ದರೆ ಸಾಲ ತೀರಿಸಿ ರಸೀದಿ ತಗೊಂಡ ಹಾಗೆ. ಮಾರ್ಗರೆಟ್ ಕ್ಲಾರ್ಕ್, ಜಡ್ಸನ್ ಮಿಲ್ಸ್ 1979ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದ್ದಾರೆ: ಬಳಕೆ ಬೆಳೆಯಲಿ ಎಂದು ಆಸೆಪಟ್ಟು ಉಪಕಾರ ಮಾಡಿದವರಿಗೆ, ಅದನ್ನು ತಕ್ಷಣ ತೀರಿಸಿಬಿಟ್ಟರೆ ಆ ಮನುಷ್ಯನ ಮೇಲಿನ ಒಲವು ಕುಗ್ಗುತ್ತದೆ. ಸ್ವಲ್ಪ ಋಣ ಉಳಿದಿರಲಿ, ಅದರ ನೆಪದಲ್ಲಿ ಇನ್ನೊಮ್ಮೆ ಬಾಗಿಲು ತಟ್ಟಬಹುದು.

ಮಾತಿಗೂ ಇದೇ ಲೆಕ್ಕ ಹಿಡಿದೆ. ಅಕ್ಕ ಕೊಟ್ಟಷ್ಟೇ ಅಳತೆಯದನ್ನು ವಾಪಸ್ ಕೊಡುವುದು, ಅಪರೂಪಕ್ಕೆ ಒಂದು ಹಿಡಿ ಹೆಚ್ಚು. ಮಂಡಿನೋವು ಎಂದರೆ ನನ್ನ ಬೆನ್ನುನೋವಿನ ಸುದ್ದಿ. ಮಗಳ ಮದುವೆಯ ಚಿಂತೆ ಎಂದರೆ ನನ್ನ ಮಗನ ಓದಿನ ಚಿಂತೆ. ಆದರೆ ಅವರ ಮಾತು ಮುಗಿಯುವ ಮುನ್ನವೇ ‘ಅಯ್ಯೋ ನನಗೂ ಹಂಗೇ’ ಅಂತ ಶುರು ಮಾಡಬೇಡಿ. ಇಲ್ಲೂ ಆರು ದಿನದ ನಿಯಮವೇ. ದೀಪಾವಳಿ ಕಳೆದು ಒಂದು ಸಂಜೆ, ಹಿರಿಮಗ ಮೂರು ವರ್ಷದಿಂದ ಮಾತು ಬಿಟ್ಟಿದ್ದಾನೆ ಎಂದು ಹೇಳಿದರು. ನಾನು ಅವತ್ತು ಏನೂ ಹೇಳಲಿಲ್ಲ, ಕೈ ಹಿಡಿದು ಕೂತೆ. ಮುಂದಿನ ವಾರ ನಮ್ಮ ಅಂಗಡಿ ಮುಳುಗಿದ ಕಥೆ ಹೇಳಿದೆ. ಹಾಸನದಲ್ಲಿ ಹೇಳಿದ್ದ ಅದೇ ಕಥೆ. ಅಕ್ಕ ಎದ್ದು ಹೋಗಿ ಚಾ ಮಾಡಿಕೊಂಡು ಬಂದರು.

ಒಂದು ಎಚ್ಚರಿಕೆ. ನೀವು ಮೂರು ಸಲ ಕೊಟ್ಟು ಮೂರು ಸಲವೂ ಡಬ್ಬಿ ಖಾಲಿ ಬಂದರೆ ನಿಲ್ಲಿಸಿ. ಅವರಿಗೆ ಬೇಡವಾಗಿದೆ, ಅಥವಾ ಈಗ ಬೇಡವಾಗಿದೆ. ಅದರಲ್ಲಿ ಅವಮಾನವೇನಿಲ್ಲ.

ನೀನು-ನೀವು ವಿಚಾರದಲ್ಲಿ ಆತುರ ಬೇಡ. ರೋಜರ್ ಬ್ರೌನ್, ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯೂರೋಪಿನ ಭಾಷೆಗಳ ಇಂಥ ಎರಡು ಸರ್ವನಾಮಗಳನ್ನು ನೋಡಿ, ಅವುಗಳ ಬಳಕೆಯಲ್ಲಿ ಅಧಿಕಾರ, ಸಲಿಗೆ ಹೇಗೆ ಓಡಾಡುತ್ತವೆ ಎಂದು ಬರೆದರು. ನಮ್ಮ ಕನ್ನಡದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಅಮ್ಮನಿಗೆ ನೀನು, ಅಪ್ಪನಿಗೆ ನೀವು ಎನ್ನುವ ಮನೆಗಳು ಎಷ್ಟಿಲ್ಲ? ನನ್ನ ಸಲಹೆ, ದೊಡ್ಡವರೇ ಮೊದಲು ಇಳಿಯಲಿ. ಅಕ್ಕ ನನ್ನನ್ನು ಮೊದಲು ‘ಮ್ಯಾಡಂ’ ಎನ್ನುತ್ತಿದ್ದರು, ಆಮೇಲೆ ‘ಬಾಯಾರ’, ಒಂದು ದಿನ “ಬಾರವಾ ಒಳಗ” ಅಂದರು. ನಾನು ಮಾತ್ರ ಕೊನೆವರೆಗೂ ‘ನೀವು’ ಬಿಡಲಿಲ್ಲ. ‘ಅಕ್ಕಾರ’ ಹೋಗಿ ‘ಅಕ್ಕಾ’ ಆಯಿತು, ಅಷ್ಟು ಸಾಕಾಯಿತು.

ಎಷ್ಟು ದಿನ ಬೇಕು ಅಂತ ಕೇಳುತ್ತೀರಿ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ತಾಸಿನ ಲೆಕ್ಕ ಕೊಟ್ಟರು. ಪರಿಚಯ ಸಾಧಾರಣ ಸ್ನೇಹ ಆಗಲು ಸುಮಾರು 50 ತಾಸು, ಸ್ನೇಹಿತರು ಎನ್ನಿಸಲು 90, ಆಪ್ತರಾಗಲು 200ಕ್ಕೂ ಹೆಚ್ಚು. ದಿನಕ್ಕೆ ಅರ್ಧ ತಾಸು ಹೊಸ್ತಿಲ ಮೇಲೆ ಕೂತರೆ 50 ತಾಸಿಗೆ ನೂರು ದಿನ. ಒಂದೇ ತಿಂಗಳಲ್ಲಿ ‘ಈ ಊರಿನ ಜನ ಸರಿಯಿಲ್ಲ’ ಎಂದು ತೀರ್ಮಾನಿಸುವವರು ಈ ಗುಣಾಕಾರ ಮಾಡಿ ನೋಡಬೇಕು. ಕೆಲಸದ ಜಾಗದಲ್ಲಿ ಕಳೆದ ಹೊತ್ತಿಗೆ ಅಷ್ಟು ಬೆಲೆ ಇಲ್ಲ ಎಂದೂ ಅವರು ಕಂಡುಕೊಂಡರು. ಪಕ್ಕದ ಕೌಂಟರಿನವರ ಜೊತೆ ದಿನಕ್ಕೆ ಎಂಟು ತಾಸು ಇದ್ದೂ ಸ್ನೇಹ ಆಗದಿದ್ದರೆ ಬೇಸರ ಬೇಡ. ಒಂದು ದಿನ ಹೊರಗೆ ಮಿರ್ಚಿ ಭಜಿ ತಿನ್ನಲು ಕರೆದುಕೊಂಡು ಹೋಗಿ.

ಮುನಿಸು ಬಂದೇ ಬರುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಅಕ್ಕ ಕರೆದರು. ಬ್ಯಾಂಕಿನಲ್ಲಿ ಆಡಿಟ್. “ಆಗಲ್ಲ ಅಕ್ಕಾ, ಕೆಲಸ ಇದೆ” ಅಂದೆ. “ಆಗವಲ್ದು ಅಂದ್ರ ಬಿಡ್ರಿ” ಅಂದರು, ಹೋಗಿದ್ದ ‘ರಿ’ ವಾಪಸ್ ಬಂದಿತ್ತು. ಅದರಿಂದಲೇ ತಿಳಿಯಿತು. ವಾಟ್ಸ್‌ಲಾವಿಕ್ ಬಳಗದ ಇನ್ನೊಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ: ಆಡಿದ ಪ್ರತಿ ಮಾತಿನಲ್ಲೂ ಒಂದು ಸುದ್ದಿ ಇರುತ್ತದೆ, ಜೊತೆಗೆ ‘ನೀನು ನನಗೆ ಏನು’ ಎಂಬುದೂ ಇರುತ್ತದೆ. ನಾನು ಸುದ್ದಿ ಹೇಳಿದ್ದೆ. ಅವರಿಗೆ ಕೇಳಿಸಿದ್ದು ಎರಡನೆಯದು. ಹೀಗಾದಾಗ ಆಡಿಟ್ಟಿನ ವಿವರ ಬಿಡಿಸಿ ಹೇಳುತ್ತ ಕೂತರೆ ಗಾಯ ಮಾಯುವುದಿಲ್ಲ. ಎರಡನೆಯದಕ್ಕೇ ನೇರ ಉತ್ತರ ಕೊಡಿ. ಮರುದಿನ ಬೆಳಿಗ್ಗೆ ಹೋಗಿ, “ಜಾತ್ರೆ ಬೇಡ ಅಂದದ್ದು ನಿಜ, ನಿಮ್ಮನ್ನ ಬೇಡ ಅಂದದ್ದಲ್ಲ” ಅಂದೆ. ಅವರಿಗೆ ಕಣ್ಣು ತುಂಬಿತು. ಮೂರನೆಯ ದಿನ ಸಂಜೆ ಇಬ್ಬರೂ ಹೋಗಿ ಬಳೆ ಇಡಿಸಿಕೊಂಡು ಬಂದೆವು.

ಕೊನೆಗೆ ಬಿಟ್ಟು ಹೋಗುವುದು. ಬ್ಯಾಂಕಿನವರಿಗೆ ಅದು ತಪ್ಪದು. ಮಾರ್ಕ್ ನ್ಯಾಪ್ 1978ರಲ್ಲಿ ಸಂಬಂಧಕ್ಕೆ ಹತ್ತು ಮೆಟ್ಟಿಲು ಗುರುತಿಸಿದರು, ಏರಲು ಐದು, ಇಳಿಯಲು ಐದು. ಇಳಿಯುವ ಎರಡನೆಯ ಮೆಟ್ಟಿಲಿನಲ್ಲಿ ಮಾತಿನ ವಿಷಯಗಳು ಸೊರಗುತ್ತವೆ: ‘ಚೆನ್ನಾಗಿದ್ದೀರಾ, ಮನೇಲಿ ಎಲ್ಲ ಚೆನ್ನಾಗಿದ್ದಾರಾ’ ಎಂಬಲ್ಲಿಗೆ ಫೋನು ಮುಗಿಯುತ್ತದೆ. ದೂರದ ಸ್ನೇಹ ಜಾರುವುದು ಇಲ್ಲಿಂದಲೇ. ಹೊಸ ಊರು ಮುಟ್ಟಿದ ಮೊದಲ ವಾರವೇ ಫೋನಿಗೆ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ದೊಡ್ಡ ಸುದ್ದಿಗೆ ಕಾಯದೆ ಸಣ್ಣದನ್ನೇ ಹೇಳಿ. 2019ರಲ್ಲಿ ನಾನು ಅಲ್ಲಿಂದ ಹೊರಟೆ. ಅಕ್ಕನಿಗೆ ಫೋನ್ ಮಾಡುವುದು ಭಾನುವಾರ ನಾಲ್ಕಕ್ಕೆ, ಅವರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಚಾಕ್ಕೆ ಇಡುವ ಹೊತ್ತು. ಹೋದ ವಾರ ಮಾತಾಡಿದ್ದು ನಳದ ತಿರುಪು ಸವೆದದ್ದು, ಈ ಸಲದ ಜೋಳ ಕಡಕ್ ಇದ್ದು ರೊಟ್ಟಿ ಹರಿಯುವುದು, ಮತ್ತೆ ಹಿರಿಮಗ ಫೋನ್ ಮಾಡಿ ಎರಡು ನಿಮಿಷ ಮಾತಾಡಿದ್ದು.