ಕಾಳಿ ಅಳಿವೆಯ ನೀರು, ಒಂದಡಿ ಹಲಗೆಯ ಮೇಲೆ

ನಾನು ಮೊದಲು ಮಾಡಿದ ನೀರು ಕಡು ನೀಲಿ. ಕಾರವಾರದ ಸದಾಶಿವಗಡದ ಬುಡದಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗದ ಪುಟ್ಟ ಮಾದರಿ, 1:72 ಅಳತೆಯಲ್ಲಿ (ಅಂದರೆ ನಿಜದ್ದಕ್ಕಿಂತ 72 ಪಟ್ಟು ಚಿಕ್ಕದು), ನಡುವೆ ಒಂದು ಪಾತಿ ದೋಣಿ. ಆಯಿ ನೋಡಿ, "ಇದೆಂತದು, ಸ್ವಿಮ್ಮಿಂಗ್ ಪೂಲಾ?" ಎಂದಳು. ಮರುದಿನ ಸೇತುವೆ ಮೇಲೆ ನಿಂತು ನೋಡಿದೆ. ದಡದ ಹತ್ತಿರ ಮರಳಿನ ಬಣ್ಣ, ನಡುವೆ ಪಾಚಿ ಹಸಿರು. ಮಳೆಗಾಲದಲ್ಲಾದರೆ ಪೂರಾ ಹಾಲು ಹಾಕಿದ ಚಹಾ.

ಬಣ್ಣವನ್ನು ತಳಕ್ಕೇ ಹಚ್ಚಿ, ಮೇಲೆ ನೀರಾಗಿ ಸುರಿಯುವ ರೆಸಿನ್ (ಗಾಜಿನಂತೆ ಗಟ್ಟಿಯಾಗುವ ದ್ರವ) ಬಹುತೇಕ ತಿಳಿಯಾಗಿಯೇ ಇರಲಿ. ಪ್ಲೈವುಡ್ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಾಕಿ, ದಡದಲ್ಲಿ ತಿಳಿ ಕಂದು, ನಡುವೆ ಕಪ್ಪು ಹಸಿರು ಬಳಿಯಿರಿ. ಎರಡೂ ಹಸಿ ಇರುವಾಗಲೇ ಒಂದಕ್ಕೊಂದು ಬೆರೆಸಿ. ಆಗ 6 ಮಿ.ಮೀ. ರೆಸಿನ್ ಕೂಡ ಆಳು ಮುಳುಗುವಷ್ಟು ಆಳ ಕಾಣುತ್ತದೆ. ಒಣಗಿದ ಮೇಲೆ ಎರಡು ಕೋಟ್ ವಾರ್ನಿಷ್ ಬೇಕು. ಇಲ್ಲದಿದ್ದರೆ ಪಿಒಪಿಯೊಳಗಿನ ಗಾಳಿ ರಾತ್ರಿಯಿಡೀ ಗುಳ್ಳೆ ಬಿಡುತ್ತದೆ. ದೋಣಿಯನ್ನು ಈಗಲೇ ಅಂಟಿಸಿ. ಸುತ್ತ ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ) ಕಟ್ಟೆ ಕಟ್ಟಿ, ಸಂದಿಗೆ ಸಿಲಿಕೋನ್ ತುಂಬಿ. ಬರೀ ಸೆಲ್ಲೋಟೇಪ್ ನಂಬಿದ ನನ್ನ ಅರ್ಧ ನದಿ ಊಟದ ಟೇಬಲ್ ಮೇಲೆ ಹರಿದಿತ್ತು. ಆ ಕಲೆ ಇನ್ನೂ ಇದೆ.

ಎಪಾಕ್ಸಿ ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರನ್ನು ಬಾಟಲಿಯ ಮೇಲಿನ ಲೆಕ್ಕದಂತೆಯೇ ಅಳೆಯಿರಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಅಂಟಂಟಾಗಿಯೇ ಉಳಿಯುತ್ತದೆ. ನಿಧಾನ ಕಲಕಿ, ಬೇರೆ ಲೋಟಕ್ಕೆ ಸುರಿದು ಮತ್ತೆ ಕಲಕಿ. ಒಂದು ಸಲಕ್ಕೆ 3 ಮಿ.ಮೀ. ಸಾಕು, ದಪ್ಪ ಸುರಿದರೆ ಕಾದು ಬಿರುಕು ಬಿಡಬಹುದು. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಸುರಿದ ಮೇಲೆ ಧೂಳು ಬೀಳದಂತೆ ಹಲಗೆಯ ಮೇಲೆ ಒಂದು ಡಬ್ಬ ಕವುಚಿಡಿ.

ನಮ್ಮ ಕಡೆ ಒಂದು ಹೆಚ್ಚಿನ ತಾಪತ್ರಯ, ತೇವ. ಜುಲೈಯಲ್ಲಿ ಸುರಿದದ್ದರ ಮೇಲೆ ಬಿಳಿ ಜಿಡ್ಡು ಕೂತಿತು. ಗಟ್ಟಿಯಾದ ಮೇಲೆ ಸೋಪು ನೀರಲ್ಲಿ ತೊಳೆದರೆ ಹೋಗುತ್ತದೆ, ಆದರೆ ತಲೆಬಿಸಿ. ಈಗ ನಾನು ರೆಸಿನ್ ಮುಟ್ಟುವುದು ಡಿಸೆಂಬರ್ ಬಂದ ಮೇಲೆಯೇ.

ಇನ್ನು ಅಲೆ. ಎಲ್ಲರೂ ಎಡವುವುದು ಇಲ್ಲೇ. 1:72ರಲ್ಲಿ ಒಂದಡಿ ಅಲೆ ಅಂದರೆ ಬರೀ 4 ಮಿ.ಮೀ. ಅಳಿವೆಯ ತೆರೆಗೆ ಒಂದೆರಡು ಮಿ.ಮೀ. ಸಾಕು. ರೆಸಿನ್ ಗಟ್ಟಿಯಾದ ಮೇಲೆ ಗ್ಲಾಸ್ (gloss) ಜೆಲ್ಲನ್ನು, ಅಂದರೆ ಹೊಳಪಿನ ದಪ್ಪ ಅಕ್ರಿಲಿಕ್ ಪೇಸ್ಟನ್ನು, ಹಳೇ ಬ್ರಶ್ಶಿನಿಂದ ಕುಟ್ಟುತ್ತಾ ಹೋಗಿ, ಗಾಳಿ ಬೀಸುವ ಒಂದೇ ದಿಕ್ಕಿಗೆ. ಹಚ್ಚುವಾಗ ಹಾಲಿನಂತಿರುತ್ತದೆ, ಗಾಬರಿ ಬೇಡ, ಒಣಗಿದಾಗ ತಿಳಿಯಾಗುತ್ತದೆ. ರೆಸಿನ್ ದೋಣಿಯ ಮೈಗೆ ಹತ್ತಿದ ಗೆರೆಯೂ ಇದರಲ್ಲೇ ಮುಚ್ಚಿಹೋಗುತ್ತದೆ.

ನೊರೆಗೆ ಬಿಳಿ ಬಣ್ಣ, ಒರೆಸಿ ಒಣಗಿಸಿದ ಬ್ರಶ್. ಮರಳಿಗೆ ನೀರು ತಾಗುವಲ್ಲಿ ಮಾತ್ರ. ಹುಟ್ಟು ಎತ್ತಿದ ಜಾಗದಲ್ಲಿ ಜೆಲ್ಲಿನಿಂದ ಮೂರು ಸಣ್ಣ ಉಂಗುರ ಎಳೆದೆ. ಅದಕ್ಕೇ ಒಂದು ಸಂಜೆ ಹೋಯಿತು.